ನಿಂಬೆಹಣ್ಣು ಬಾಕಿಯಿದ್ದ ಗಾಲಿ

ನಾನು ಒಂದು ಗಾಲಿ. ಎತ್ತಿನ ಗಾಡಿಗೆಂದು ಹುಟ್ಟಿದವನು. ಆದರೂ ನನ್ನ ಪ್ರಾಯವೆಲ್ಲ ಎತ್ತಿನ ಮುಖ ನೋಡದೆ, ದೊಡ್ಡ ದೊಡ್ಡ ದೀಪಗಳ ಎದುರು ಕಳೆಯಿತು.

ಗಾಲಿಯಾಗುವ ಮೊದಲು ನಾನು ಅಂಕಲಕೊಪ್ಪದ ಹಳ್ಳದ ದಂಡೆಯಲ್ಲಿ ಕರಿಜಾಲಿಯ ಮರವಾಗಿದ್ದೆ. ಬಡಿಗೇರ ಮೌನೇಶಪ್ಪ ನನ್ನನ್ನು ಕಡಿದು, ಹೊಂಡದ ನೀರಿನಲ್ಲಿ ನೆನೆಹಾಕಿ, ಆಮೇಲೆ ನೆರಳಿನಲ್ಲಿ ಒಣಗಿಸಿದ. ಅವನಿಗೆ ಯಾವುದಕ್ಕೂ ಅವಸರವಿರಲಿಲ್ಲ. ನಡುವಿನ ಗುಂಬ ಕೆತ್ತಿದ, ಹನ್ನೆರಡು ಅರಗಳನ್ನು ಕೂಡಿಸಿದ, ಸುತ್ತ ಮರದ ಬಳೆ ಬಿಗಿದ. ಕೊನೆಗೊಂದು ದಿನ ಸಗಣಿ ಕುಳ್ಳಿನ ಬೆಂಕಿಯಲ್ಲಿ ಕಬ್ಬಿಣದ ಪಟ್ಟಿಯನ್ನು ಕೆಂಪಗೆ ಕಾಯಿಸಿ ನನಗೆ ತೊಡಿಸಿದ. ಅವನ ಹೆಂಡತಿ ಕಾಳವ್ವ ಕೊಡಗಟ್ಟಲೆ ನೀರು ಸುರಿದಳು. ಚುಂಯ್ ಎಂದು ಹೊಗೆ ಎದ್ದು, ಪಟ್ಟಿ ಮೈಗೆ ಬಿಗಿದುಕೊಂಡಾಗ ನಾನು ಗಾಲಿಯಾದೆ. ಅದೇ ಬೆಂಕಿಯಲ್ಲಿ ನನ್ನ ಜೋಡಿಯೂ ಹುಟ್ಟಿತು. ಆ ಮನೆತನದಲ್ಲಿ ಗಾಲಿಯನ್ನು ಒಂಟಿಯಾಗಿ ಮಾಡುವುದಿಲ್ಲ.

ಇನ್ನೊಂದು ಪದ್ಧತಿಯೂ ಇತ್ತು. ಹೊಸ ಗಾಲಿ ಮೊದಲ ಸಲ ಉರುಳುವಾಗ ಅದರಡಿಗೆ ನಿಂಬೆಹಣ್ಣು ಇಡಬೇಕು, ಗಾಲಿ ಅದನ್ನು ಅರೆದು ಮುಂದೆ ಹೋಗಬೇಕು. ಅಲ್ಲಿಯವರೆಗೆ ಗಾಲಿ ಎಷ್ಟೇ ಚಂದ ಕಂಡರೂ ಬಡಿಗೇರನ ಕೆಲಸ ಮುಗಿದಂತಲ್ಲ.

ನಮ್ಮಿಬ್ಬರನ್ನು ಮಾಡಲು ಹೇಳಿದ್ದ ರೈತ ಅಷ್ಟರಲ್ಲಿ ಟೈರಿನ ಗಾಡಿ ಕೊಂಡುಬಿಟ್ಟ. ನಾವು ಗೋಡೆಗೆ ಒರಗಿ ನಿಂತೆವು. ಹಾಗೆ ನಿಂತಿದ್ದಾಗ ಬೆಂಗಳೂರಿನಿಂದ ಸುದರ್ಶನ ಎಂಬಾತ ಜೀಪಿನಲ್ಲಿ ಬಂದ. ಟಿವಿಯಲ್ಲಿ ಆಟದ ಕಾರ್ಯಕ್ರಮಗಳಿಗೆ ರಂಗಸಜ್ಜಿಕೆ ಮಾಡುವವನು. ಅವರು ಪ್ಲೈವುಡ್ಡಿನಲ್ಲಿ ಮಾಡಿಸಿದ್ದ ಚಕ್ರ ಓಲಾಡಿ ಓಲಾಡಿ ಒಂದೇ ಕಡೆ ನಿಲ್ಲುತ್ತಿತ್ತಂತೆ.

"ಒಂದೇ ಸಾಕು ಯಜಮಾನರೇ" ಎಂದ.

"ಒಂದ ಗಾಲಿ ಒಯ್ದು ಏನ್ ಮಾಡ್ತೀರಿ?"

"ಟಿವಿಯಲ್ಲಿ ತಿರುಗಿಸ್ತೀವಿ."

"ತಿರುಗಿ ಎಲ್ಲಿಗೆ ಹೊಕ್ಕೈತಿ?"

"ಎಲ್ಲಿಗೂ ಹೋಗಲ್ಲ. ನಿಂತಲ್ಲೇ ತಿರುಗುತ್ತೆ."

ಹೊಸ್ತಿಲ ಮೇಲೆ ಅಕ್ಕಿ ಆರಿಸುತ್ತಿದ್ದ ಕಾಳವ್ವ ತಲೆ ಎತ್ತದೆ ಹೇಳಿದಳು: "ಹಂಗಾರ ನಮ್ಮ ಪಂಚಾಯ್ತಿ ಇದ್ದಂಗ ಬಿಡ್ರಿ."

ಮೌನೇಶಪ್ಪ ಒಳಗೆ ಹೋಗಿ ನಿಂಬೆಹಣ್ಣು ಹುಡುಕಿ ತರುವಷ್ಟರಲ್ಲಿ ನನ್ನನ್ನು ಜೀಪಿನ ಮೇಲೆ ಕಟ್ಟಿ ಆಗಿತ್ತು. "ಅಲ್ಲೇ ಮಾಡಿಸ್ತೀವಿ ಬಿಡಿ" ಎಂದ ಸುದರ್ಶನ. ಜೀಪು ಹೊರಟಿತು. ಹಣ್ಣು ಹಿಡಿದು ನಿಂತ ಅವನೂ ಗೋಡೆಗೊರಗಿ ನಿಂತ ನನ್ನ ಜೋಡಿಯೂ ಸಣ್ಣಗಾಗುತ್ತ ಹೋದರು.

ಬೆಂಗಳೂರಿನಲ್ಲಿ ನನ್ನನ್ನು ಕಬ್ಬಿಣದ ಚೌಕಟ್ಟಿಗೆ ಏರಿಸಿದರು. ಅರಗಳ ನಡುವೆ ಹಲಗೆ ಕೂಡಿಸಿ, ಹನ್ನೆರಡು ಮನೆಗಳಿಗೂ ಬಣ್ಣ ಬಳಿದು, ಒಂದೊಂದರಲ್ಲಿ ಒಂದೊಂದು ಹೆಸರು ಬರೆದರು. ಸೀರೆ, ಕುಕ್ಕರ್, ಮಿಕ್ಸರ್, ಉಂಗುರ, ಟಿವಿ, ಮೊಪೆಡ್ಡು. ನೆತ್ತಿಯ ಮನೆಯಲ್ಲಿ ಕಾರು. ಅದರ ಕೆಂಪು ಬಣ್ಣ ಬಳಿದ ಹುಡುಗಿಗೆ ಅದೆಷ್ಟು ಉಮೇದಿತ್ತೋ, 'ಕಾರು' ಎಂಬ ಅಕ್ಷರಗಳನ್ನು ಅದೇ ಕೆಂಪಿನಲ್ಲಿ ನನ್ನ ಬಳೆಯ ಮೇಲೂ ಇನ್ನೊಮ್ಮೆ ಬರೆದಳು. ನಡುನಡುವೆ ಮೂರು ಮನೆಗಳಲ್ಲಿ ಕಪ್ಪು ಬಳಿದು 'ಬರಿಗೈ' ಎಂದಿತ್ತು. ಗಂಡಹೆಂಡತಿ ಜೋಡಿಯಾಗಿ ಬರಬೇಕು, ಮೂರು ಪ್ರಶ್ನೆಗೆ ಉತ್ತರ ಹೇಳಿ ನನ್ನನ್ನು ತಿರುಗಿಸಬೇಕು. ಬಂದದ್ದನ್ನು ಇಟ್ಟುಕೊಳ್ಳಬಹುದು. ಇಲ್ಲವೇ ಅದನ್ನು ಬಿಟ್ಟುಕೊಟ್ಟು ಇನ್ನೊಮ್ಮೆ ತಿರುಗಿಸಬಹುದು.

ಆ ಇನ್ನೊಮ್ಮೆಯಲ್ಲೇ ಎಲ್ಲ ಮಜವೂ ಇತ್ತು. ನಾನು ಜೋರಾಗಿ ತಿರುಗುವಾಗ ಜನ ಕೂಗುತ್ತಿದ್ದರು. ವೇಗ ಇಳಿದಂತೆ ಕೂಗೂ ಇಳಿಯುತ್ತಿತ್ತು. ಮೇಲೆ ಕಟ್ಟಿದ ತೊಗಲಿನ ನಾಲಗೆ ಮನೆ ಮನೆಗಳ ನಡುವೆ ಹೊಡೆದ ಮೊಳೆಗಳಿಗೆ ತಾಗಿ ಟಕ್, ಟಕ್ ಅನ್ನುವುದು ಮಾತ್ರ ಉಳಿಯುತ್ತಿತ್ತು. ಕೊನೆಯ ಒಂದೆರಡು ಟಕ್ಕುಗಳ ಹೊತ್ತಿಗೆ ಅಷ್ಟು ದೊಡ್ಡ ಹಾಲಿನಲ್ಲಿ ಒಬ್ಬರೂ ಉಸಿರಾಡುತ್ತಿರಲಿಲ್ಲ. ಆಮೇಲೆ ಛಾವಣಿ ಹಾರುವಂಥ ಚಪ್ಪಾಳೆ. ಟಿವಿ ಗೆದ್ದ ಬಸ್ ಕಂಡಕ್ಟರೊಬ್ಬ ಜೇಬಿನಿಂದ ಸೀಟಿ ತೆಗೆದು ಊದಿಯೇ ಊದಿದ. ಕಾರು ಗೆದ್ದ ಚಿಂತಾಮಣಿಯ ಮೇಷ್ಟರು ನಿರೂಪಕ ಜಯಕೀರ್ತಿಯನ್ನು ಎತ್ತಿ ಹೆಗಲ ಮೇಲೆ ಕೂರಿಸಿಕೊಂಡುಬಿಟ್ಟರು. ಕೈಯಲ್ಲಿದ್ದ ಉಂಗುರ ಬಿಟ್ಟು ಮತ್ತೆ ತಿರುಗಿಸಿ ಬರಿಗೈಗೆ ಬಿದ್ದವನನ್ನೂ ಕಂಡಿದ್ದೇನೆ. ಅವನ ಹೆಂಡತಿ ಬಾಗಿಲವರೆಗೆ ಅವನಿಗಿಂತ ನಾಲ್ಕು ಮಾರು ಮುಂದೆ ನಡೆದಳು, ಅಷ್ಟೆ.

ಎಲ್ಲರೂ ನನ್ನನ್ನೇ ಹೊಗಳುತ್ತಿದ್ದರು, ನನ್ನನ್ನೇ ಬೈಯುತ್ತಿದ್ದರು. ನನ್ನ ಕೈಯಲ್ಲಿ ಏನಿತ್ತು? ದಿನಕ್ಕೆ ನೂರು ಸುತ್ತು ಹಾಕುತ್ತಿದ್ದೆ. ಒಂದು ಗೇಣು ಮುಂದೆ ಹೋದವನಲ್ಲ.

ಊರಿನ ಸುದ್ದಿ ನನಗೆ ಆಮೇಲೆ ನನ್ನ ಜೋಡಿ ಹೇಳಿದ್ದು. ಮೌನೇಶಪ್ಪ ಸುತ್ತಲಿನ ಹಳ್ಳಿಗಳಿಗೆ ನಡೆದು ಹೋಗಿ ಕೂರಿಗೆ, ನೇಗಿಲು, ಬಾಗಿಲು ಕೆತ್ತಿಕೊಡುವವನು. ಅವನ ಮೊಣಕಾಲು ಹಿಡಿಯಿತು. ಬಸ್ಸು ಹೋಗದ ಊರುಗಳು, ನಡೆಯುವುದು ಆಗದು. ಒಂದು ದಿನ ಅವನು ಉಳಿ, ಬಾಚಿ, ಗರಗಸಕ್ಕೆಲ್ಲ ಎಣ್ಣೆ ಹಚ್ಚಿ, ಚೀಲದಲ್ಲಿ ಕಟ್ಟಿ ಅಟ್ಟದ ಮೇಲಿಟ್ಟ. ಆಮೇಲೆ ಕಟ್ಟೆಯ ಮೇಲೆ ಕೂತು ಹೋಗಿಬರುವವರನ್ನು ನೋಡತೊಡಗಿದ. ಮಾತು ಕಡಿಮೆಯಾಯಿತು. ಉಪ್ಪು ಹೆಚ್ಚಾದರೂ ಸುಮ್ಮನೆ ಉಂಡು ಏಳುತ್ತಿದ್ದ. ಕಾಳವ್ವನಿಗೆ ಅದೇ ದಿಗಿಲು. ಪ್ರತಿ ಭಾನುವಾರ ಪಕ್ಕದ ಮನೆಯ ಟಿವಿಯಲ್ಲಿ 'ನಮ್ಮ ಗಾಲಿ' ನೋಡುತ್ತಿದ್ದ ಅವಳ ಕಣ್ಣು ಕಾರಿನ ಮೇಲೆ ಒಮ್ಮೆಯೂ ಬಿದ್ದಿರಲಿಲ್ಲ. ಮೊಪೆಡ್ಡಿನ ಮೇಲಿತ್ತು. ಹಿಂದೆ ಚೀಲ ಕಟ್ಟಲು ಜಾಗವಿದೆ, ಮೊಣಕಾಲಿಗೆ ಕೆಲಸವಿಲ್ಲ. ಕಾರ್ಯಕ್ರಮಕ್ಕೆ ಕಾರ್ಡು ಬರೆಸಿ ಹಾಕಿದಳು. ಕರೆ ಬಂತು.

ಅವರು ವೇದಿಕೆಗೆ ಬಂದಾಗ ಮೌನೇಶಪ್ಪ ಜಯಕೀರ್ತಿಯ ಚಾಚಿದ ಕೈಯನ್ನು ನೋಡಲೇ ಇಲ್ಲ. ಕುಂಟುತ್ತ ನೆಟ್ಟಗೆ ನನ್ನ ಹತ್ತಿರ ಬಂದು ಗುಂಬದ ಮೇಲೆ ಅಂಗೈ ಇಟ್ಟ. "ಒಣಗಿಸಿಬಿಟ್ಟಾರ ಇದನ್ನ. ಎಣ್ಣಿ ಇಲ್ಲ, ಬೆಣ್ಣಿ ಇಲ್ಲ" ಎಂದ.

ಪ್ರಶ್ನೆಗಳನ್ನು ಕಾಳವ್ವನೇ ದಾಟಿದಳು. ಆಮೇಲೆ ಸೆರಗು ಸಿಕ್ಕಿಸಿ, ನನ್ನನ್ನು ಮುಟ್ಟಿ ಹಣೆಗೆ ಒತ್ತಿಕೊಂಡು, ಬೀಸುಕಲ್ಲಿನ ಗೂಟ ಎಳೆದಂತೆ ಎಳೆದಳು. ತಿರುಗಿದೆ. ಟಕ್, ಟಕ್. ಸೀರೆ ದಾಟಿತು. ಒಂದು ಬರಿಗೈ ದಾಟಿತು. ಟಕ್. ನಿಂತೆ.

ಮೊಪೆಡ್ಡು.

ಚಪ್ಪಾಳೆ ಬಿತ್ತು. ಕಾಳವ್ವ ಎರಡೂ ಕೈಯಿಂದ ಬಾಯಿ ಮುಚ್ಚಿಕೊಂಡಳು. ಆದರೆ ಜಯಕೀರ್ತಿ ತನ್ನ ಕೆಲಸ ಬಿಡುವವನೇ? ಪರದೆ ಸರಿಸಿದ. ರಿಬ್ಬನ್ನು ಕಟ್ಟಿದ ಬಿಳಿ ಕಾರು ಬೆಳಕಿನಲ್ಲಿ ನಿಂತಿತ್ತು.

"ನೀವೇ ಮಾಡಿದ ಗಾಲಿಯಂತೆ ಮೌನೇಶಪ್ಪೋರೇ. ನಿಮ್ಮ ಮಾತು ಕೇಳದೇ ಇರುತ್ತಾ? ಹೇಳಿ, ತಿರುಗಿಸ್ತೀರಾ, ಬಿಡ್ತೀರಾ?"

ಜನ "ತಿರುಗಿಸಿ, ತಿರುಗಿಸಿ" ಎಂದು ಕೂಗತೊಡಗಿದರು. ಮೌನೇಶಪ್ಪನ ಮುಖಕ್ಕೆ ಎಷ್ಟೋ ತಿಂಗಳ ಮೇಲೆ ರಂಗು ಬಂದಿತ್ತು.

"ತಿರುವು ಕಾಳಿ. ನಾ ಮಾಡಿದ ಗಾಲಿ. ಮೋಸ ಮಾಡೂದಿಲ್ಲ."

"ನೀವು ಮಾಡಿದ್ದು ಗಾಲಿ. ಅದರ ಮ್ಯಾಲ ಹೆಸರು ಬರದವ್ರು ಇವ್ರು."

"ಕಾರ್ ಐತಿ ನೋಡ ಅಲ್ಲಿ."

"ನೋಡೇನಿ. ಅದರಾಗ ಕುಂತು ನೀವು ಕೂರಿಗಿ ಕೆತ್ತಾಕ ಹೋಗ್ತೀರೇನು? ನಮ್ಮ ಓಣ್ಯಾಗ ಎಮ್ಮಿ ಎದುರು ಬಂದ್ರ ನಾವ ಗ್ವಾಡಿಗೆ ಹತ್ತಿ ನಿಲ್ತೀವಿ."

ಜನ ನಕ್ಕರು. ಅವಳು ನಗಲಿಲ್ಲ. ಧ್ವನಿ ಇಳಿಸಿ, ಮೈಕು ಇರುವುದನ್ನು ಮರೆತು, ಗಂಡನಿಗೊಬ್ಬನಿಗೇ ಹೇಳಿದಳು: "ಅಟ್ಟದ ಮ್ಯಾಲಿನ ಚೀಲ ಕೆಳಗ ಇಳೀಬೇಕ್ರಿ. ನನಗ ಅಷ್ಟ ಬೇಕಾಗಿದ್ದು."

ಮೌನೇಶಪ್ಪ ಕಾರು ನೋಡಿದ, ನನ್ನನ್ನು ನೋಡಿದ. ಹೆಂಡತಿಯನ್ನು ನೋಡಿದ. "ಆತು ಬಿಡು. ಸಣ್ಣ ಗಾಡಿನ ಕೊಡ್ರಿ" ಎಂದ.

ಜನ ಉಸ್ಸೆಂದರು. ಅವರನ್ನು ಹಾಗೆ ಕಳಿಸುವ ಮನಸ್ಸು ಜಯಕೀರ್ತಿಗಿರಲಿಲ್ಲ. "ಸುಮ್ಮನೆ ನೋಡೋಣ, ತಿರುಗಿಸಿದ್ರೆ ಏನು ಬರ್ತಿತ್ತು ಅಂತ" ಎಂದ. ಆಗ ಮೌನೇಶಪ್ಪ ಅಂಗಿಯ ಜೇಬಿನಿಂದ ಒಂದು ನಿಂಬೆಹಣ್ಣು ತೆಗೆದ. ಊರಿನಿಂದಲೇ ತಂದಿದ್ದ. ನೋವಿನ ಕಾಲು ಚಾಚಿ, ಬಗ್ಗಿ, ಅದನ್ನು ನನ್ನ ಕೆಳಗೆ ನೆಲದ ಮೇಲಿಟ್ಟ. ಇಟ್ಟ ಮೇಲೆಯೇ ಅವನಿಗೆ ಕಂಡದ್ದು, ಗಾಲಿಗೂ ನೆಲಕ್ಕೂ ನಡುವೆ ಒಂದು ಗೇಣು ಬಯಲು. ಜೀವಮಾನವೆಲ್ಲ ಗಾಲಿ ಮಾಡಿದವನಿಗೆ ನೆಲ ಮುಟ್ಟದ ಗಾಲಿಯೊಂದು ಇರಬಹುದೆಂದು ಹೊಳೆದಿರಲೇ ಇಲ್ಲ.

"ಅಜ್ಜಾ, ಅದು ತಾಗಲ್ಲ" ಎಂದು ಯಾರೋ ಕೂಗಿದರು.

ಆದರೂ ತಿರುಗಿಸಿದ. ಮಾಡಿದ ಕೈ ಅದು. ಒಮ್ಮೆಯೂ ಅಷ್ಟು ಹಗುರಾಗಿ ನಾನು ತಿರುಗಿದವನಲ್ಲ. ಟಕ್. ಟಕ್. ಬರಿಗೈ ಬಂತು, ನಿಂತೇ ಬಿಟ್ಟೆ ಅನ್ನಿಸಿತು. ಇನ್ನೊಂದು ಟಕ್.

ಕಾರು.

ಅಂಥ 'ಅಯ್ಯೋ' ನಾನು ಮೊದಲೂ ಕೇಳಿಲ್ಲ, ಆಮೇಲೂ ಕೇಳಿಲ್ಲ. ಜಯಕೀರ್ತಿ ತಲೆಯ ಮೇಲೆ ಕೈ ಹೊತ್ತುಕೊಂಡ. ಕಾಳವ್ವ ಬಿಳಿ ಕಾರನ್ನು ಒಂದು ಗಳಿಗೆ ನೋಡಿ, "ಚಂದ ಐತಿ ಬಿಡ್ರಿ" ಎಂದಳು. ಹೋಗಿ ಮೊಪೆಡ್ಡಿನ ಹಿಂದಿನ ಕ್ಯಾರಿಯರನ್ನು ಕೈಯಿಂದ ಅಲ್ಲಾಡಿಸಿ, ಗಟ್ಟಿಯಿದೆಯೇ ನೋಡಿದಳು. ಮೌನೇಶಪ್ಪ ನಿಂಬೆಹಣ್ಣನ್ನು ಎತ್ತಿ ಜೇಬಿಗೆ ಹಾಕಿಕೊಂಡು ನನಗಷ್ಟೇ ಕೇಳುವಂತೆ ಹೇಳಿದ: "ನಿಂದು ಬಾಕಿ ಐತಿ."

ಚೀಲ ಅಟ್ಟದಿಂದ ಇಳಿಯಿತು. ಮೊಪೆಡ್ಡು ಊರೂರು ಸುತ್ತಿತು. ಅಲ್ಲೆಲ್ಲ ಅವನಿಗೆ 'ಕಾರು ಬಿಟ್ಟ ಬಡಿಗ್ಯಾ' ಎಂದೇ ಹೆಸರಾಯಿತು. ಅದನ್ನೇ ಒಂದು ಕತೆ ಮಾಡಿ ಹೇಳುತ್ತ, ಚಹಾ ಕುಡಿಯುತ್ತ, ಅವನು ಕೂರಿಗೆ ಕೆತ್ತಿದ. ಉಪ್ಪು ಹೆಚ್ಚಾದರೆ ಬೈಯತೊಡಗಿದ. ಕಾಳವ್ವನಿಗೆ ನೆಮ್ಮದಿಯಾಯಿತು.

ನನ್ನ ಕಾರ್ಯಕ್ರಮ ಮುಂದೆ ನಿಂತುಹೋಯಿತು. ದೀಪಗಳು ಬೇರೆ ಆಟಕ್ಕೆ ತಿರುಗಿದವು. ನನ್ನನ್ನು ಗೋದಾಮಿಗೆ ನೂಕಿದರು, ಅಲ್ಲಿಂದ ಗುಜರಿಗೆ. ಹಳೆಯ ಬ್ಯಾಟರಿ, ತಗಡಿನ ಡಬ್ಬಗಳ ನಡುವೆ ಒರಗಿದ್ದೆ. ಪಟ್ಟಿ ಬಿಚ್ಚಿ ಕಬ್ಬಿಣ ಒಂದು ಕಡೆ, ಕಟ್ಟಿಗೆ ಒಂದು ಕಡೆ ಮಾಡುವ ಮಾತು ಕೇಳಿಸಿತು. ಪುಣ್ಯಕ್ಕೆ ಸುದರ್ಶನ ಅಲ್ಲಿಗೆ ಹಳೆಯ ದೀಪ ಹುಡುಕಲು ಬಂದವನು ನನ್ನನ್ನು ಗುರುತಿಸಿ, ಅಂಕಲಕೊಪ್ಪಕ್ಕೆ ಫೋನು ಮಾಡಿಸಿದ.

ಗಂಡಹೆಂಡತಿ ಇಬ್ಬರೂ ಬಂದರು. ನನ್ನನ್ನು ಬಸ್ಸಿನ ಮೇಲೆ ಏರಿಸುವಾಗ ಕಂಡಕ್ಟರು ಗಾಲಿಗೂ ಟಿಕೀಟು ಕೇಳಿದ.

"ತಗೋತೀವಿ. ಹಂಗಾರ ಅದಕ್ಕೂ ಒಂದು ಸೀಟು ಕೊಡು. ಕಿಟಕಿ ಕಡೀದು" ಎಂದಳು ಕಾಳವ್ವ.

ನನ್ನ ಜೋಡಿ ಅದೇ ಗೋಡೆಗೆ ಒರಗಿತ್ತು. ಅದರ ಮೈಯೆಲ್ಲ ಧೂಳು, ನನ್ನ ಮೈಯೆಲ್ಲ ಬಣ್ಣ; ಅವಳಿಗಳೆಂದರೆ ಯಾರೂ ನಂಬುತ್ತಿರಲಿಲ್ಲ. ಮೌನೇಶಪ್ಪ ಹಲಗೆಗಳನ್ನು ಕಿತ್ತ, ಎಣ್ಣೆ ಉಣಿಸಿದ, ಇಬ್ಬರಿಗೂ ಒಂದೇ ಅಚ್ಚು ತೊಡಿಸಿ ಗಾಡಿ ಕಟ್ಟಿದ. ಬಳೆಯ ಮೇಲಿನ 'ಕಾರು' ಎಂಬ ಕೆಂಪು ಅಕ್ಷರವನ್ನು ಅವನು ಕೆರೆಯಹೊರಟಾಗ ಕಾಳವ್ವ, "ಇರ್ಲಿ ಬಿಡ್ರಿ" ಎಂದಳು.

ಪಕ್ಕದ ಮನೆಯವರ ಎತ್ತು ತಂದು ಹೂಡಿದರು. ಮೌನೇಶಪ್ಪ ಎರಡು ನಿಂಬೆಹಣ್ಣು ತಂದು ಒಂದನ್ನು ಜೋಡಿಯ ಮುಂದೆ, ಒಂದನ್ನು ನನ್ನ ಮುಂದೆ ಇಟ್ಟ. ಈ ಸಲ ನಡುವೆ ಬಯಲಿರಲಿಲ್ಲ. ಅಡಿಯಲ್ಲಿ ಮಣ್ಣು ತಣ್ಣಗೆ, ಒರಟಾಗಿ ತಾಗುತ್ತಿತ್ತು. ಕಾಳವ್ವ ಗಾಡಿ ಹತ್ತಿ, ಸೆರಗು ಸರಿಮಾಡಿಕೊಂಡು ಹಿಗ್ಗಿ ಕೂತಳು. ಬಗ್ಗಿ ನನ್ನ ಬಳೆಯ ಮೇಲಿನ ಕೆಂಪು ಅಕ್ಷರ ನೋಡಿ ಹೇಳಿದಳು:

"ನಡೀರಿ. ಕಡೀಕೂ ಕಾರಿನ್ಯಾಗ ಕುಂತೆ."

ಎತ್ತು ಎಳೆದವು. ನಿಂಬೆಹಣ್ಣು ನನ್ನಡಿಗೆ ಪಚಕ್ಕೆಂದಿತು, ಹುಳಿವಾಸನೆ ಎದ್ದಿತು. ನಾನು ಒಂದು ಗೇಣು ಮುಂದೆ ಹೋದೆ.

ಈಗ ನಮಗೆ ವಯಸ್ಸಾಗಿದೆ. ಸುಗ್ಗಿಯಲ್ಲಿ ನಾಲ್ಕು ದಿನ ಜೋಳದ ಕಣಕಿ ಹೇರುತ್ತೇವೆ, ಉಳಿದಂತೆ ಬೇವಿನ ನೆರಳಿನಲ್ಲಿ ನಿಂತಿರುತ್ತೇವೆ. ಬಣ್ಣ ಹೋದ ಮೊಪೆಡ್ಡು ಪಕ್ಕದಲ್ಲೇ ಇರುತ್ತದೆ. ಬಂದವರು ನನ್ನನ್ನು ತೋರಿಸಿ, ಇದೇ ಅಲ್ಲವೇ ಕಾರಿಗೆ ನಿಂತ ಗಾಲಿ ಎಂದು ಕೇಳುತ್ತಾರೆ. ಆ ಚಪ್ಪಾಳೆಯೂ ಚಂದವಿತ್ತು, ಸುಳ್ಳು ಯಾಕೆ ಹೇಳಲಿ. ಆದರೆ ಕಣ್ಣು ಮುಚ್ಚಿದರೆ ನನಗೆ ಮೊದಲು ನೆನಪಾಗುವುದು ಆ ಪಚಕ್ ಎಂಬ ಸದ್ದು.