ಪುಟದ ತಳದ ರಾಮಾ ಗ್ರೀನ್

ಇದನ್ನು ಕಥೆಯೆಂದು ಹೇಳಹೊರಟದ್ದಕ್ಕೆ ಮೊದಲೇ ಕ್ಷಮೆ ಕೇಳಬೇಕು. ಇದರಲ್ಲಿ ಹೊಡೆದಾಟವಿಲ್ಲ, ಮದುವೆಯಿಲ್ಲ, ಯಾರೂ ಮನೆ ಬಿಟ್ಟು ಓಡಿಹೋಗುವುದಿಲ್ಲ. ಒಂದು ಜಾಲತಾಣದ ಪುಟದ ತಳದಲ್ಲಿ ಬರುವ ಒಂದೇ ಸಾಲಿನ ಬಣ್ಣದ ಸಮಾಚಾರ, ಅಷ್ಟೇ. ಕಂಪ್ಯೂಟರ್ ಬಲ್ಲವರಿಗೆ ಇದು ಚಿಲ್ಲರೆ ಎನಿಸೀತು, ಬಾರದವರಿಗೆ ಬೇಸರ ತಂದೀತು. ಆದರೆ ಬಸವಕಲ್ಯಾಣದ ಮೀರಾಬಾಯಿಗೆ ಆ ಸಾಲಿನ ದೆಸೆಯಿಂದ ಎರಡು ದಿನ ಅನ್ನ ರುಚಿಸಲಿಲ್ಲ ಎಂಬುದಂತೂ ಖರೆ.

ಮೀರಾಬಾಯಿಯದು ಮ್ಯಾಚಿಂಗ್ ಸೆಂಟರ್. ಸೀರೆ ತಂದು ತೋರಿಸಿದರೆ ಸಾಕು, ಅದಕ್ಕೆ ಹೊಂದುವ ಬ್ಲೌಸ್ ಪೀಸು, ಫಾಲು, ದಾರ ಎಲ್ಲವನ್ನೂ ಕಣ್ಣಳತೆಯಲ್ಲೇ ತೆಗೆದು ಮುಂದಿಡುವವಳು. ಸಂಜೆ ಮಾತ್ರ ಅಂಗಡಿಯನ್ನು ತಂಗಿಗೆ ಬಿಟ್ಟು ಕಂಪ್ಯೂಟರ್ ತರಗತಿಗೆ ಹೋಗುತ್ತಿದ್ದಳು. ಕಲಿಸಲು ಹುಮನಾಬಾದಿನಿಂದ ಬಸ್ಸು ಹಿಡಿದು ಬರುತ್ತಿದ್ದವಳು ಮಹಜಬೀನ್. ವಯಸ್ಸಿನಲ್ಲಿ ಮೀರಾಬಾಯಿಗಿಂತ ಚಿಕ್ಕವಳು, ಮಾತಿನಲ್ಲಿ ಬಲು ಚುರುಕು.

ಈ ಮಹಜಬೀನ್ ನಾಲ್ಕಾರು ಜನರನ್ನು ಕೂಡಿಸಿ ‘ಊರಕೋಶ’ ಎಂಬ ವಿಕಿ ಶುರುಮಾಡಿದ್ದಳು. ಸುತ್ತಲಿನ ಊರುಗಳ ಬಾವಿ, ಗುಡಿ, ದರ್ಗಾ, ಅಡುಗೆ, ಆಟ, ಏನನ್ನು ಬೇಕಾದರೂ ಯಾರು ಬೇಕಾದರೂ ಅಲ್ಲಿ ಬರೆಯಬಹುದು, ಬರೆದದ್ದನ್ನು ಯಾರು ಬೇಕಾದರೂ ತಿದ್ದಬಹುದು. ಪ್ರತಿ ಪುಟದ ತಳದಲ್ಲಿ ಅದು ಸೇರುವ ವರ್ಗಗಳ ಕೊಂಡಿಗಳು. ನಾರಾಯಣಪುರದ ಗುಡಿಯ ಪುಟದಲ್ಲಿ ‘ಶಿವನ ಗುಡಿಗಳು’, ‘ಹಳೆಯ ಕಲ್ಲುಕೆಲಸ’ ಎಂದಿದ್ದರೆ, ಮಂಠಾಳದ ಪುಟದಲ್ಲಿ ‘ಸಂತೆಗಳು’. ಆ ಸಾಲು ಮಾತ್ರ ಜಾತ್ರೆಯ ಬಸ್ಸಿನಂತೆ ಇಕ್ಕಟ್ಟಾಗಿ ಕಾಣುತ್ತಿತ್ತು.

“ಮೀರಕ್ಕ, ಬಣ್ಣದ ಕಣ್ಣು ನಿಮ್ದು. ಬರೋ ಐತವಾರ ಹುಮನಾಬಾದದಾಗ ಮಂದಿಗೆ ತೋರಿಸೋದದ. ಆ ವರ್ಗದ ಸಾಲಿಗೆ ಒಂಚೂರು ರೂಪ ಕೊಡ್ರಿ” ಎಂದಳು ಮಹಜಬೀನ್.

“ನನ್ನ ಕೈಲೆ ಆಗ್ತದೇನ್ರಿ ಟೀಚರ್? ಏನರೆ ಕೆಟ್ಟು ಹೋದ್ರ?”

“ಕೆಟ್ರ ತಿದ್ದೋಣು. ವಿಕಿ ಇರೋದೇ ಅದಕ್ಕಲ್ಲಾ?”

ಮೀರಾಬಾಯಿ ನೋಟುಪುಸ್ತಕ ತೆರೆದು, ತಪ್ಪಾದರೆ ಕಂಪ್ಯೂಟರಿಗೆ ಕೊಟ್ಟ ಸೂಚನೆಯ ಯಾವ ಗೆರೆಯನ್ನು ಅಳಿಸಬೇಕೆಂದು ಮೊದಲು ಬರೆದುಕೊಂಡೇ ಕೆಲಸಕ್ಕೆ ಕೂತಳು. ಒಂದೊಂದು ಕೊಂಡಿಯ ಸುತ್ತ ದುಂಡು ಮೂಲೆಯ ಚೌಕ, ನಡುವೆ ಉಸಿರಾಡುವಷ್ಟು ಜಾಗ. ಎಲ್ಲ ಸರಿಹೋಯಿತು, ಒಂದು ಮಾತ್ರ ಕಣ್ಣಿಗೆ ಚುಚ್ಚಿತು. ಕೆಲವು ಕೊಂಡಿ ನೀಲಿ, ಕೆಲವು ಕೆಂಪು. ಒಂದೇ ಸೀರೆಗೆ ಎರಡು ಬಣ್ಣದ ಫಾಲು ಹಚ್ಚಿದಂತೆ! ಇಪ್ಪತ್ತು ವರ್ಷ ಮ್ಯಾಚಿಂಗ್ ಮಾಡಿದ ಕೈ ಸುಮ್ಮನಿದ್ದೀತೇ? ಎಲ್ಲಕ್ಕೂ ನೀಲಿ ಬೆರೆತ ಹಸಿರು, ಸೀರೆಯವರ ರಾಮಾ ಗ್ರೀನ್, ಹಾಕಿಬಿಟ್ಟಳು. ಮಹಜಬೀನ್ ಬಸ್ಸಿನಲ್ಲಿ ಕೂತು ಫೋನಿನಲ್ಲಿ ನೋಡಿ, “ಭಾಳ ಛಂದ ಆಗ್ಯಾದ” ಎಂದಳು.

ನಾಲ್ಕು ದಿನ ಕಳೆದವು. ಗುರುವಾರ ಮಹಜಬೀನಳ ಫೋನು.

“ಮೀರಕ್ಕ, ಮಹಾರುದ್ರಪ್ಪ ಕಾಕಾ ಬರಿಯೋದು ಬಿಟ್ಟಾರ. ನಾ ಕೇಳಿದ್ರ ‘ನನ್ನ ಕೆಲ್ಸ ಮುಗೀತವ್ವಾ’ ಅಂದು ಫೋನ್ ಇಟ್ರು.”

ನಾರಾಯಣಪುರದ ಮಹಾರುದ್ರಪ್ಪ ನಿವೃತ್ತ ಪೋಸ್ಟ್‌ಮ್ಯಾನ್. ದಿನಾ ಬೆಳಗ್ಗೆ ಒಂದು ಪುಟ ಬರೆಯದೆ ಚಹಾ ಮುಟ್ಟುತ್ತಿರಲಿಲ್ಲ. ಊರಕೋಶದ ಅರ್ಧ ಪುಟಗಳು ಅವರವೇ. ಮೀರಾಬಾಯಿಗೆ ಒಂದೇ ಚಿಂತೆ: ನನ್ನ ಬಣ್ಣ ಕಂಡು ಮುನಿದರೇನೋ, ಹಿರಿಯರನ್ನು ಕೇಳದೆ ಕೈ ಹಾಕಿದೆನೇನೋ. ಅವರು ಹೋದರೆ ಊರಕೋಶವೇ ಹೋದಂತೆ, ಹೋಗಿದ್ದು ನನ್ನಿಂದ. ಶುಕ್ರವಾರವೂ ಹೀಗೇ ಕೊರಗಿ, ಶನಿವಾರ ಅಂಗಡಿಗೆ ಬೀಗ ಹಾಕಿ ಆಟೋ ಹತ್ತಿದಳು.

ಮಹಾರುದ್ರಪ್ಪ ಕಟ್ಟೆಯ ಮೇಲೆ ಕೂತು ಕಡಲೆಬೀಜ ಸುಲಿಯುತ್ತಿದ್ದರು. ಮುನಿಸಿನ ಸುಳಿವೇ ಇಲ್ಲ.

“ಬಾರವ್ವಾ ಬಾ! ಪೇಡೆ ತಿನ್ನು.”

“ಯಾತರ ಪೇಡೆ ಕಾಕಾ?”

“ಊರಕೋಶ ಪೂರಾ ಆತಲ್ಲಾ! ಓಣಿಗೆಲ್ಲಾ ಹಂಚೇನಿ. ಇನ್ನಾ ಬರೀದ ವರ್ಗ ಕೆಂಪು ಕಾಣ್ತಿತ್ತು. ಒಂದು ಕೆಂಪು ಆರಿಸಿ, ಒಂದು ಪುಟ ಬರಿಯೋದು, ಅದು ನನ್ನ ನೇಮ. ಮೊನ್ನೆ ತೆಗೆದು ನೋಡಿದ್ರ ಒಂದೂ ಕೆಂಪಿಲ್ಲ, ಎಲ್ಲಾ ಹಸರು! ಯಾರೋ ಪುಣ್ಯಾತ್ಮರು ಎಲ್ಲಾ ಬರದು ಮುಗಿಸ್ಯಾರ.”

ಮೀರಾಬಾಯಿಗೆ ಕಟ್ಟೆ ಬಿರಿದು ತನ್ನನ್ನು ಒಳಗೆ ಎಳೆದುಕೊಳ್ಳಬಾರದೇ ಎನಿಸಿತು. ಕೆಂಪು ಎಂದರೆ ಇನ್ನೂ ಬರೆಯದ ಪುಟ. ಆ ಪಾಠದ ದಿನ ಲಗ್ನಸರಾಯಿಯ, ಎಂದರೆ ಮದುವೆ ಹಂಗಾಮಿನ, ಗಿರಾಕಿಗಳಲ್ಲಿ ಸಿಕ್ಕಿ ಅವಳು ತರಗತಿ ತಪ್ಪಿಸಿದ್ದಳು.

“ಕಾಕಾ... ಒಂದರೆ ಕೊಂಡಿ ಒತ್ತಿ ನೋಡಿದ್ರೇನು?”

“ನೋಡಿಲ್ಲವ್ವಾ. ಮಂದಿ ಬರದದ್ದು ಖರೆ ಅದನೋ ಸುಳ್ಳದನೋ ಅಂತ ಒಡದು ನೋಡೋದು ಪೋಸ್ಟಿನವಗ ಶೋಭಿಸ್ತದೇನು?”

ಸುಮ್ಮನಿದ್ದುಬಿಟ್ಟರೆ ಯಾರಿಗೂ ತಿಳಿಯುವುದಿಲ್ಲ. ಕದ್ದು ಸರಿಮಾಡಿದರಾಯಿತು. ಆದರೆ ಅವಳು ಪೇಡೆಯನ್ನು ಕಟ್ಟೆಯ ಮೇಲಿಟ್ಟಳು.

“ಯಾರೂ ಏನೂ ಬರದಿಲ್ರಿ ಕಾಕಾ. ಬಣ್ಣ ಹಚ್ಚಿದಾಕಿ ನಾನು. ಒಳಗ ಎಲ್ಲಾ ಖಾಲಿ ಅದ. ತಪ್ಪಾತ್ರಿ.”

ಮಹಾರುದ್ರಪ್ಪ ಕೈಯಲ್ಲಿದ್ದ ಕಡಲೆಬೀಜವನ್ನು ಅಲ್ಲೇ ಬಿಟ್ಟರು. ಒಳಗಿನಿಂದ ಅವರ ಹೆಂಡತಿ ವಿದ್ಯಾವತಿ ಸೆರಗಿಗೆ ಕೈ ಒರೆಸುತ್ತ ಹೊರಗೆ ಬಂದಳು.

“ಖಾಲಿ ಅದನಾ? ದೇವರು ನಿನ್ನ ಛಲೋ ಇಡ್ಲಿ ತಂಗಿ! ಇವರು ಖಾಲಿ ಕೂತಾಗಿಂದ ನನ್ನ ಅಡಗಿಮನಿಗೆ ಬಂದು ಒಗ್ಗರಣಿ ಕರಕಾತು, ಬ್ಯಾಳಿ ನೀರಾತು ಅಂತ ತಪ್ಪ ತೆಗಿಯಾಕತ್ತಾರ. ಲಗೂನ ಕೆಂಪು ಮಾಡು!”

“ಅಲ್ಲ, ಓಣಿ ಮಂದಿಗಿ ಏನ್ ಹೇಳ್ಲಿ ನಾ?” ಎಂದರು ಮಹಾರುದ್ರಪ್ಪ.

“ಪೂರಾ ಆದಾಗ ಮತ್ತೊಮ್ಮೆ ಪೇಡೆ ಅದ ಅಂತ ಹೇಳ್ರಿ. ಯಾರ್ ಬ್ಯಾಡಂತಾರ?” ಎಂದಳು ವಿದ್ಯಾವತಿ.

ಮಹಾರುದ್ರಪ್ಪ ಮೊದಲು ಮೀಸೆಯಲ್ಲಿ, ಆಮೇಲೆ ಹೊಟ್ಟೆ ಹಿಡಿದುಕೊಂಡು ನಕ್ಕರು.

ಮೀರಾಬಾಯಿ ಅಲ್ಲೇ ಕಟ್ಟೆಯ ಮೇಲೆ ಫೋನು ತೆಗೆದು ಕೂತಳು. ನೋಟುಪುಸ್ತಕದಲ್ಲಿ ಗುರುತಿಸಿಟ್ಟಿದ್ದ ಸೂಚನೆಯ ಗೆರೆಯನ್ನು ಅಳಿಸಿದರೆ ಕೆಲಸ ಮುಗಿಯುತ್ತಿತ್ತು. ಅವಳು ಅಳಿಸಲಿಲ್ಲ. ಬರೆದ ವರ್ಗಗಳಿಗೆ ರಾಮಾ ಗ್ರೀನನ್ನೇ ಉಳಿಸಿ, ಬರೆಯದವುಗಳಿಗೆ ಬೇರೆ ಸೂಚನೆ ಬರೆದಳು. ಅಕ್ಷರ ಕುಂಕುಮಗೆಂಪು, ಸುತ್ತಿನ ಚೌಕ ತುಂಡು ತುಂಡು ಗೆರೆಯದು, ಪಕ್ಕಾ ಹೊಲಿಗೆಗೆ ಮುಂಚೆ ದರ್ಜಿ ಹಾಕುವ ಕಚ್ಚಾ ಹೊಲಿಗೆಯಂತೆ. ಮಹಾರುದ್ರಪ್ಪ ಕನ್ನಡಕ ಏರಿಸಿ, ಪುಟಪುಟ ತೆರೆದು ಕೆಂಪನ್ನು ಒಂದೊಂದಾಗಿ ಎಣಿಸಿದರು. “ನಲವತ್ತೊಂದು ಅವ!” ಎಂದಾಗ ಅವರ ದನಿಯಲ್ಲಿ ಹಬ್ಬವಿತ್ತು.

ಭಾನುವಾರ ಹುಮನಾಬಾದಿನಲ್ಲಿ ಪರದೆಯ ಮೇಲೆ ಪುಟ ಬಿದ್ದಾಗ ಮೀರಾಬಾಯಿ ಹಿಂದಿನ ಸಾಲಿನಲ್ಲಿ ಕಣ್ಣು ಮುಚ್ಚಿ ಕೂತಿದ್ದಳು. “ಆ ಕಚ್ಚಾ ಹೊಲಿಗಿ ಅದಾವಲ್ಲಾ, ಅವು ನಾವು ಬರಿಯೋವೇನ್ರಿ?” ಎಂದು ಕೇಳಿದಳು ಸರ್ವರಿ ಎಂಬ ಹೊಲಿಗೆಯವಳು. ಯಾರೂ ವಿವರಿಸಿರಲಿಲ್ಲ. ಮೀರಾಬಾಯಿ ಕಣ್ಣು ಬಿಟ್ಟಳು. ಸೋಮವಾರ ಬೆಳಗ್ಗೆ ಚಹಾದ ಹೊತ್ತಿಗೆ ‘ಕೊಹಿನೂರದ ಬಿತ್ತನೆ ಹಾಡುಗಳು’ ಹಸಿರಾಗಿತ್ತು, ಬರೆದವರು ಮಹಾರುದ್ರಪ್ಪ.

ದಿನಾ ಬರೆದು ಇಷ್ಟು ರೂಢಿಯಿದ್ದ ಮನುಷ್ಯ ಅಷ್ಟು ದಿನ ಒಂದೇ ಒಂದು ಕೊಂಡಿಯನ್ನೂ ನಿಜವಾಗಿ ಒತ್ತಿ ನೋಡಿರಲಿಲ್ಲವೇ, ಇಲ್ಲ ಸುಮ್ಮನೆ ನಾಲ್ಕು ದಿನ ರಜೆ ತೆಗೆದುಕೊಂಡರೇ ಎಂದು ಮಹಜಬೀನ್ ಈಗಲೂ ಕೇಳುತ್ತಾಳೆ. ಮೀರಾಬಾಯಿ ಮಹಾರುದ್ರಪ್ಪನವರನ್ನು ಕೇಳಿಲ್ಲ. ಹಾಗಾಗಿ ಗೊತ್ತಿಲ್ಲ.