ಚಕ್ರದ ಕೆಳಗಿನ ಗುಂಡುಕಲ್ಲು

ನೆಂಟರೆಲ್ಲ ಹಿಂದಿನ ಸಂಜೆಯ ಬಸ್ಸಿಗೆ ಹೊರಟುಹೋಗಿದ್ದರು. ಹೆಮ್ಮರಗಾಲದ ಆ ಮನೆಯಲ್ಲಿ ಹನ್ನೊಂದು ದಿನಗಳ ಮೇಲೆ ಮೊದಲ ಬಾರಿಗೆ ಯಾರೂ ಅಳದೆ ಬೆಳಗಾಯಿತು. ಶಿವರಂಜನಿ ಎದ್ದು ಹಾಲು ಕಾಯಿಸಿದಳು, ಬಾಗಿಲಿಗೆ ನೀರು ಹಾಕಿದಳು. ರಾತ್ರಿ ಚೆನ್ನಾಗಿ ನಿದ್ದೆ ಬಂದಿತ್ತು. ಗಂಡನನ್ನು ಮಣ್ಣು ಮಾಡಿ ಇಷ್ಟು ಬೇಗ ಹೀಗೆ ನಿದ್ದೆ ಬರಬಹುದೇ ಎಂದು ನಾಚಿಕೆಯಾಯಿತು; ಯಾರೂ ನೋಡಲಿಲ್ಲವಲ್ಲ ಎಂದು ಸಮಾಧಾನವೂ ಆಯಿತು.

ಅಷ್ಟರಲ್ಲಿ ಎದುರು ಸಾಲಿನ ದೇವೀರಮ್ಮ ಬಂದು ಜಗಲಿಯ ಕಂಬ ಹಿಡಿದು ನಿಂತಳು. ಇಡ್ಲಿ ಮಾಡಿ ಮಾರುವ ಹೆಂಗಸು.

"ಎಂಗ್ ಕೇಳದು ಅಂತ ಇಷ್ಟ್ ದಿವ್ಸ ಬಾಯ್ ಮುಚ್ಕಂಡಿದ್ದೆ ಕಣವ್ವ. ನಮ್ಮೊರಳಿನ ಗುಂಡು ನಿಮ್ ಗಾಡಿ ಚಕ್ರುದ್ ಕೆಳಗದೆ."

ಗಾಡಿಯೆಂದರೆ ಗಂಡ ನಂಜುಂಡೇಶನ ಪಿಕಪ್. ಮೂರನೆಯ ಕೈಯಿಂದ ಕೊಂಡದ್ದು. ಬಾಳೆಗೊನೆ ತುಂಬಿಕೊಂಡು ನಂಜನಗೂಡಿಗೂ ಟಿ. ನರಸೀಪುರಕ್ಕೂ ಹೋಗುತ್ತಿತ್ತು, ಹೋದಷ್ಟು ಸಲವೂ ಎಲ್ಲೋ ಒಂದು ಕಡೆ ನಿಲ್ಲುತ್ತಿತ್ತು. ಸೆಲ್ಫ್ ಹೊಡೆದರೆ ಕೆಮ್ಮುತ್ತಿತ್ತೇ ಹೊರತು ಸ್ಟಾರ್ಟ್ ಆಗುತ್ತಿರಲಿಲ್ಲ. ಅದಕ್ಕೇ ಅವನು ಅದನ್ನು ಬೀದಿಯ ತುದಿಯ ಏರಿನಲ್ಲಿ, ಮೂತಿ ಇಳಿಜಾರಿಗೆ ಮಾಡಿ ನಿಲ್ಲಿಸುತ್ತಿದ್ದ. ಹ್ಯಾಂಡ್ ಬ್ರೇಕ್ ಹಿಡಿಯದ್ದರಿಂದ ಮುಂದಿನ ಚಕ್ರಕ್ಕೆ ಒಂದು ಕಲ್ಲು. ಬೆಳಿಗ್ಗೆ ನಾಲ್ಕು ಜನ ಗಾಡಿಯನ್ನು ಒಂದು ಗೇಣು ಹಿಂದಕ್ಕೆ ಒತ್ತಿ ಹಿಡಿಯಬೇಕು, ಕಲ್ಲು ತೆಗೆಯಬೇಕು, ಆಮೇಲೆ ಇಳಿಜಾರಿಗೆ ಬಿಟ್ಟು ಗೇರಿಗೆ ಹಾಕಬೇಕು. "ಬರ್ರಪ್ಪೋ, ಒಂದ್ ಕೈ ಆಕಿ" ಎಂಬ ಅವನ ಕೂಗು ಬೀದಿಗೆಲ್ಲ ಕೇಳುತ್ತಿತ್ತು. ಆ ಹೊತ್ತಿಗೆ ಎಂ.ಎ. ಓದಿದ ಅವನ ಹೆಂಡತಿ ಒಳಗೆ ರೇಡಿಯೊ ಜೋರು ಮಾಡುತ್ತಿದ್ದಳು.

ಅವನಿಗೆ ಜ್ವರ ಬಂದ ಸಂಜೆಯೇ ಹಳೆಯ ಕಲ್ಲು ಎರಡು ಹೋಳಾಗಿತ್ತು. 'ಒಂದ್ ರಾತ್ರಿಗ್ ಕೊಡವ್ವ, ಒತ್ತಾರೆಗೇ ತಂದಿಕ್ತೀನಿ' ಎಂದು ದೇವೀರಮ್ಮನಿಂದ ಗುಂಡು ಇಸಿದುಕೊಂಡಿದ್ದ. ಬೆಳಿಗ್ಗೆ ಏಳಲಾಗಲಿಲ್ಲ. ಮೂರನೆಯ ದಿನ ಹೋಗಿಬಿಟ್ಟ.

"ನಾದ್ನಿ ಮನೇಲಿ ರುಬ್ಕತಿದ್ದೆ. ನಿನ್ನೆ ಅವ್ಳು, 'ನಮ್ಮೊರಳು ಸವ್ದೋಯ್ತದೆ ಕಣಕ್ಕ' ಅಂದ್ಬುಟ್ಳು," ಎಂದಳು ದೇವೀರಮ್ಮ. "ಕತ್ಲಾದ್ಮೇಲೆ ಯಾರ್ಗಾರ ಏಳಿ ತೆಗುಸ್ಬುಡು. ನೀನ್ ಬೀದೀಲಿ ನಿಂತ್ಕಬ್ಯಾಡ. ಆ ಗಾಡಿ ಅಂದ್ರೆ ನಿಂಗಾಗಕಿಲ್ಲ ಅಂತ ಗೊತ್ತು."

ದೇವೀರಮ್ಮನಿಗೆ ಗೊತ್ತಿತ್ತೆಂದರೆ ಊರಿಗೇ ಗೊತ್ತಿತ್ತು. ಅವನಿಗೂ ಗೊತ್ತಿತ್ತು.

ಹಿಂದಿನ ವರ್ಷ ಟಿ. ನರಸೀಪುರದ ಬಸ್ ನಿಲ್ದಾಣದ ಎದುರು ಗಾಡಿ ಕಾದು ಹೊಗೆ ಬಿಟ್ಟಿತ್ತು. ಬಾನೆಟ್ಟಿನೊಳಗೆ ತಲೆ ಹಾಕಿದ್ದ ನಂಜುಂಡೇಶ, "ರಂಜೂ, ಆ ನೀರಿನ ಕ್ಯಾನ್ ತತ್ತಾ" ಎಂದ. ಅದೇ ಹೊತ್ತಿಗೆ ಮಾನಸಗಂಗೋತ್ರಿಯಲ್ಲಿ ಜೊತೆಗೆ ಓದಿದ್ದ ಅರ್ಪಿತ ಎದುರಾದಳು.

"ಯಾರೇ ಅದು, ನಿನ್ನ ಕರೀತಿರೋದು?"

"ನಮ್ಮೂರಿನ ಗಾಡಿಯವರು," ಎಂದಳು ಶಿವರಂಜನಿ. "ಬಾಡಿಗೆಗೆ ಬಂದಿದ್ದೆ."

ಅವನು ತಲೆ ಎತ್ತಲಿಲ್ಲ. ತಾನೇ ಹೋಗಿ ಕ್ಯಾನ್ ತಂದುಕೊಂಡ. ಅರ್ಪಿತ ಹೋದ ಮೇಲೆ ಕೈ ಒರೆಸಿಕೊಳ್ಳುತ್ತ, "ಅತ್ಕಳಿ ಮೇಡಂ, ಬಾಡಿಗೆ ಊರ್ಗೋದ್ಮೇಲೆ ಕೊಡೀರಂತೆ" ಎಂದು ನಕ್ಕ. ಅಂದಿನಿಂದ ಅವಳನ್ನು ಗಾಡಿಗೆ ಕರೆಯಲೂ ಇಲ್ಲ. ಅವಳಿಗೆ ಅದು ಅನುಕೂಲವೇ ಆಗಿತ್ತು.

"ಕತ್ತಲಾಗೋದು ಬೇಡಮ್ಮ, ಈಗಲೇ ತೆಗೆಸ್ತೀನಿ," ಎಂದು ಅವಳು ಬೀದಿಗಿಳಿದಳು.

ಡೈರಿಯ ಮುಂದೆ ಹಾಲು ಹಾಕಲು ಬಂದವರು ಕೂತಿದ್ದರು. ನಂಜುಂಡೇಶ ಇವರನ್ನೆಲ್ಲ ಹೆಸರು ಹಿಡಿದು ಕೂಗುತ್ತಿದ್ದ. ಅವಳಿಗೆ ಕರಿಯಯ್ಯ, ಮಾದು ಇಬ್ಬರದು ಬಿಟ್ಟರೆ ಉಳಿದವರ ಹೆಸರು ಗೊತ್ತಿರಲಿಲ್ಲ. ಆರು ವರ್ಷ ಇದೇ ಬೀದಿಯಲ್ಲಿದ್ದಳು.

"ನಮ್ಮ ಗಾಡಿಗೆ... ಒಂದು ಕೈ ಹಾಕ್ತೀರಾ?"

ಹಿರಿಯ ಕರಿಯಯ್ಯ "ನಡೀರ್ಲಾ" ಎಂದು ಎದ್ದ, ಉಳಿದವರೂ ಎದ್ದರು.

ಅವರು ಮೂತಿಗೆ ಭುಜ ಕೊಟ್ಟು ಒತ್ತಿದರು. "ಇನ್ನೊಸಿ! ಇನ್ನೊಸಿ! ತಗಿಯವ್ವ, ಕೈ ಜ್ವಾಪಾನ!" ಶಿವರಂಜನಿ ಮಣ್ಣಿನಲ್ಲಿ ಮೊಣಕಾಲೂರಿ ಗುಂಡನ್ನು ಎಳೆದುಕೊಂಡಳು, ಮೋರಿಯ ಪಕ್ಕದ ಕಾಡುಗಲ್ಲೊಂದನ್ನು ಆ ಜಾಗಕ್ಕೆ ತಳ್ಳಿದಳು.

"ಅಬ್ಬಬ್ಬಾ, ಈ ಮುದ್ಕಿ ಗಾಡೀದು ಏನ್ ಭಾರ್ವಪ್ಪ!" ಎಂದು ಮಾದು ಸೊಂಟ ಹಿಡಿದುಕೊಂಡ. "ನಂಜುಂಡೇಶಣ್ಣ ಆಗಿದ್ರೆ ಈಗ ಇಡ್ಲಿ ಕೊಡ್ಸೋನು." ಹೇಳಿದ ಮೇಲೆ ನಾಲಿಗೆ ಕಚ್ಚಿಕೊಂಡ.

"ಬಾಯ್ ಮುಚ್ಲಾ," ಎಂದ ಕರಿಯಯ್ಯ.

"ದಿನಾ ಕೊಡಿಸ್ತಿದ್ರಾ?" ಎಂದು ಅವಳು ಕೇಳಿದಳು.

"ದಿನಾ ಕಣಕ್ಕ," ಎಂದ ಮಾದು. "'ಎಲ್ಲೋಗಿದ್ದಾಳ್ಲಾ ನಿನ್ನೆಂಡ್ತಿ, ಅವ್ಳೂ ನೂಕ್ಲಿ' ಅಂತ ರೇಗಿಸ್ತಿದ್ದೊ. 'ಅವ್ರು ಓದ್ದೋರು ಕಣ್ರಲಾ, ಇಂಥ ಗಾಡಿ ಮುಟ್ಟುಸ್ಬಾರ್ದು' ಅನ್ನೋನು."

ಅವಳು ತಲೆ ಎತ್ತದೆ ಗುಂಡನ್ನು ಸೊಂಟಕ್ಕೆ ಏರಿಸಿಕೊಂಡಳು. ಒಂದು ಮಗ್ಗುಲಿಗೆ ಟಯರಿನ ಕಪ್ಪು ಮೆತ್ತಿತ್ತು, ಬುಡದಲ್ಲಿ ಚಕ್ಕೆ ಎದ್ದಿತ್ತು. ಬೀದಿ ನಲ್ಲಿಯ ಕೆಳಗೆ ಕೂತು ತೆಂಗಿನ ನಾರಿನಿಂದ ತಿಕ್ಕಿದಳು. ಬಿಂದಿಗೆ ಹಿಡಿದು ಬಂದ ಹೆಂಗಸರು ಕಾದರು. ಕಪ್ಪು ಪೂರ್ತಿ ಹೋಗಲಿಲ್ಲ. ಹಾಗೆಯೇ ಹೊತ್ತುಕೊಂಡು ದೇವೀರಮ್ಮನ ಒರಳಿನ ಬಳಿಗೆ ಹೋದಳು.

"ನೀನ್ಯಾಕವ್ವ ಒತ್ಕ ಬಂದೆ? ಮಾದೂಗ್ ಏಳಿದ್ರಾಗದು," ಎಂದಳು ದೇವೀರಮ್ಮ.

"ನಮ್ಮ ಮನೆಯವರು ಒಂದು ರಾತ್ರಿಗೆ ಅಂತ ಇಸ್ಕೊಂಡಿದ್ದು. ತಡ ಆಯ್ತು. ಇಲ್ಲಿ ಚೂರು ಒಡೆದೂ ಇದೆ."

"ಅದು ಮೊದ್ಲೇ ಒಡ್ದಿತ್ತು ಬುಡು."

ಒಡೆದ ಜಾಗ ಇನ್ನೂ ಬೆಳ್ಳಗಿತ್ತು. ಇಬ್ಬರೂ ಅದನ್ನು ನೋಡಿದರು. ಶಿವರಂಜನಿ ಬಗ್ಗಿ, ಎರಡೂ ಕೈಯಿಂದ, ಸದ್ದಾಗದಂತೆ ಗುಂಡನ್ನು ಒರಳಿಗೆ ಇಳಿಸಿದಳು.