ಏಳು ಮದುವೆ ಕಂಡ ಬಿಳಿ ಸೀರೆ

ನಾನು ಒಂದು ಬಿಳಿ ರೇಷ್ಮೆ ಸೀರೆ. ಬೆಟಗೇರಿಯ ಕೈಮಗ್ಗವೊಂದರ ಮೇಲೆ ಹುಟ್ಟಿದೆ. ನನ್ನನ್ನು ನೇಯ್ದ ಫಕ್ಕೀರಪ್ಪನಿಗೆ ಮೊದಲು ಮನಸ್ಸೇ ಇರಲಿಲ್ಲ. "ಮದುವಿಗೆ ಬಿಳೀ ಸೀರಿ ಏನ್ರೀ ಅಕ್ಕೋರ?" ಎಂದು ಎರಡು ಸಲ ಕೇಳಿದ.

"ನಮ್ಮ ಮಂದ್ಯಾಗ ಮದುಮಗಳಿಗೆ ಬಿಳೀದ ಚಂದ, ಅಣ್ಣಾ" ಎಂದು ಶಾಲೆಯ ಶಿಕ್ಷಕಿ ಸುಗುಣಾ ನಕ್ಕಳು. ಆದರೂ ಅವನು ತಡೆಯಲಾರದೆ ಅಂಚಿಗೆ ಒಂದೆಳೆ ಜರಿ ಸೇರಿಸಿಯೇಬಿಟ್ಟ.

ಸುಗುಣಾ ನನ್ನನ್ನುಟ್ಟು ಚರ್ಚಿನಲ್ಲಿ ಮದುವೆಯಾದಳು. ಆಮೇಲೆ ಸಭೆಯ ಐದು ಹುಡುಗಿಯರು ಒಬ್ಬರ ನಂತರ ಒಬ್ಬರು ನನ್ನನ್ನು ಕೇಳಿ ಒಯ್ದರು. ಒಬ್ಬಳು ಎಷ್ಟು ಎತ್ತರವೆಂದರೆ ನಾನು ಅವಳ ಹಿಮ್ಮಡಿಯನ್ನೇ ಮುಟ್ಟಲಿಲ್ಲ. ಇನ್ನೊಬ್ಬಳು ಊಟದ ಹೊತ್ತಿಗೆ ಸಾರು ಚೆಲ್ಲಿ, ಗಂಡನ ಮುಂದೆಯೇ ಅತ್ತಳು. ಮದುವೆ ಮುಗಿದ ಮೇಲೆ ನಾನು ಟ್ರಂಕಿಗೆ ಮರಳುತ್ತಿದ್ದೆ. ಟ್ರಂಕು ಪಡಸಾಲೆಯಲ್ಲಿತ್ತು. ಮೇಲೆ ಚಾದರ ಹಾಸಿದ್ದರಿಂದ ಬಂದವರು ಅದರ ಮೇಲೆಯೇ ಕೂರುತ್ತಿದ್ದರು. ಹೀಗೆ ಮನೆಯ ಮಾತೆಲ್ಲ ನನ್ನ ಕಿವಿಗೆ ಬೀಳುತ್ತಿತ್ತು.

ಸುಗುಣಾಳ ಮಗಳು ವಿಮಲಾ ನರ್ಸ್ ಆದಳು. ಮೂವತ್ತೆಂಟಾದರೂ ಮದುವೆಯಾಗಿರಲಿಲ್ಲ. ಆ ವರ್ಷವೇ ಅವಳ ಎದೆಯಲ್ಲಿ ಗಂಟು ಕಾಣಿಸಿಕೊಂಡಿತು. ಆಪರೇಷನ್ ಆಯಿತು, ಒಂದು ಸ್ತನ ಹೋಯಿತು, ಔಷಧಿಗೆ ತಲೆಗೂದಲೂ ಉದುರಿತು. ಕೂದಲು ಬೆರಳುದ್ದ ಮರಳುವ ಹೊತ್ತಿಗೆ ಜಯರಾಜ ಎಂಬ ಬಸ್ ಡ್ರೈವರ್ ಮನೆಗೆ ಬಂದರು. ಹೆಂಡತಿ ತೀರಿಕೊಂಡವರು, ಚರ್ಚಿನಲ್ಲಿ ದಪ್ಪ ದನಿಯಲ್ಲಿ ಹಾಡುವವರು. ನಾನಿದ್ದ ಟ್ರಂಕಿನ ಮೇಲೆಯೇ ಕೂತು, "ನನ್ನ ಮದುವಿ ಆಗ್ತೀರೇನು?" ಎಂದು ವಿಮಲಾಳನ್ನು ಕೇಳಿದರು.

"ಐದು ವರ್ಷ ಕಾದು ನೋಡಬೇಕು ಅಂದಾರ ಡಾಕ್ಟರು" ಎಂದಳು ವಿಮಲಾ. "ಮತ್ತೊಮ್ಮೆ ಹೆಂಡತಿ ಕಳಕೊಳ್ಳೋ ದುಃಖ ನಿಮಗ್ಯಾಕ?"

"ನನ್ನ ಹೆಂಡತಿಗೆ ಯಾವ ಡಾಕ್ಟರೂ ಏನೂ ಹೇಳಿರಲಿಲ್ಲ. ಮುಂಜಾನೆ ಚಾ ಕೊಟ್ಟಾಕಿ ಮಧ್ಯಾಹ್ನ ಇರಲಿಲ್ಲ. ಐದು ವರ್ಷದ ಮಾತು ನನಗೂ ಗೊತ್ತಿಲ್ರೀ. ವಿಚಾರ ಮಾಡ್ರಿ" ಎಂದು ಜಯರಾಜರು ಎದ್ದು ಹೋದರು.

ಮರುದಿನ ವಿಮಲಾ ಟ್ರಂಕು ತೆಗೆದು ನನ್ನನ್ನುಟ್ಟು ಕನ್ನಡಿ ಮುಂದೆ ನಿಂತಳು. ಎಡಗಡೆ ಎದೆ ಸಪಾಟಾಗಿತ್ತು. ಅವಳ ಹೃದಯ ಡವಗುಟ್ಟುವುದು ನನ್ನ ಸೆರಗಿಗೆ ತಾಗುತ್ತಿತ್ತು. ಮಂಚದ ಮೇಲೆ ಕುಸಿದು ಕೂತು, ಬಹಳ ಹೊತ್ತು ಅತ್ತು, ಕೊನೆಗೆ ಬಾಯಿಬಿಟ್ಟು ಪ್ರಾರ್ಥಿಸಿದಳು.

"ಕರ್ತನೇ, ಎಷ್ಟು ದಿನ ಕೊಡ್ತೀ ಅಂತ ಕೇಳಿ ಕೇಳಿ ನನಗ ಸಾಕಾಗೇತಿ. ಇನ್ನ ಕೇಳಂಗಿಲ್ಲ. ಆ ಲೆಕ್ಕ ನಿನ್ನ ಕಡೇನ ಇರಲಿ. ಸತ್ತರ ನಿನ್ನ ಹತ್ತರ ಬರಾಕಿ, ಬದುಕಿದರೂ ನೀ ಜೋಡಿ ಇರ್ತೀ. ಮತ್ಯಾಕ ಹೆದರಲಿ?"

ಕೇಳಿದ ಪ್ರಶ್ನೆಗೆ ತಾನೇ ಬೆರಗಾದವಳಂತೆ ತಲೆಯೆತ್ತಿ ಕನ್ನಡಿ ನೋಡಿದಳು. ನನ್ನಡಿಯ ಡವಡವ ಮೆಲ್ಲಗೆ ಇಳಿಯಿತು. ಬಾಗಿಲಲ್ಲಿ ನಿಂತಿದ್ದ ಸುಗುಣಾ ಕಣ್ಣೊರೆಸಿಕೊಂಡು, "ಸೆರಗು ಎಡಕ್ಕ ಸ್ವಲ್ಪ ಅಗಲ ಬಿಡು, ಕಾಣಂಗಿಲ್ಲ" ಎಂದಳು.

"ಕಂಡರ ಕಾಣಲಿ ಬಿಡವಾ" ಎಂದು ವಿಮಲಾ ನಕ್ಕಳು. ವರ್ಷದ ಮೇಲೆ ಆ ಮನೆಯಲ್ಲಿ ಅವಳ ನಗು ಕೇಳಿಸಿತು.

ವಿಮಲಾ ಜಯರಾಜರಿಗೆ ಒಪ್ಪಿಗೆ ಹೇಳಿದಳು. ಅದು ನನ್ನ ಏಳನೆಯ ಮದುವೆ. ಗಿಡ್ಡ ಕೂದಲಿಗೆ ಮುಸುಕಿನ ಪಿನ್ನು ನಿಲ್ಲದೆ ಮೂರು ಸಲ ಜಾರಿತು. ರೋಗದಲ್ಲಿಯೂ ಜೊತೆಗಿರುವೆಯಾ ಎಂದು ಪಾದ್ರಿ ಅಯ್ಯನವರು ಕೇಳಿ ಮುಗಿಸುವ ಮೊದಲೇ ಜಯರಾಜರು "ಹೌದ್ರೀ" ಎಂದುಬಿಟ್ಟರು. ಇಡೀ ಚರ್ಚು ನಕ್ಕಿತು.

ಆರು ತಿಂಗಳಿಗೊಮ್ಮೆ ವಿಮಲಾ ತಪಾಸಣೆಗೆ ಹೋಗುತ್ತಿದ್ದಳು. ಹೋಗುವ ದಿನ "ಹೆದರಿಕಿ ಆಗ್ತೈತಿ" ಎನ್ನುತ್ತಿದ್ದಳು, ಸುಳ್ಳು ಹೇಳಲಾರೆ. ಇಬ್ಬರೂ ಟ್ರಂಕಿನ ಮೇಲೆ ಕೂತು ಪ್ರಾರ್ಥನೆ ಮಾಡಿ ಹೊರಡುತ್ತಿದ್ದರು, ಬರುವಾಗ ತಿನ್ನಲು ಚುರುಮುರಿಯ ಗಿರಮಿಟ್ ಕಟ್ಟಿಸಿಕೊಂಡು ಬರುತ್ತಿದ್ದರು. ಹೀಗೆ ಒಂಬತ್ತು ವರ್ಷ ಕಳೆದಿವೆ.

ಈಗ ನನಗೆ ವಯಸ್ಸಾಗಿದೆ. ಮಡಿಕೆಗಳಲ್ಲಿ ಸೀಳಿಹೋಗಿದ್ದೇನೆ. ಹೋದ ವರ್ಷ ವಿಮಲಾ ಕತ್ತರಿ ಹಿಡಿದು ಬಂದಾಗ ನಡುಗಿದೆ. ಅವಳು ಗಟ್ಟಿ ಭಾಗ ಆರಿಸಿ ಚರ್ಚಿನ ಕೂಸುಗಳಿಗೆ ದೀಕ್ಷಾಸ್ನಾನದ ಪುಟ್ಟ ಅಂಗಿಗಳನ್ನು ಹೊಲಿದಳು. ಕಳೆದ ಭಾನುವಾರ ನನ್ನನ್ನು ತೊಟ್ಟ ಮಗು ತಲೆಗೆ ನೀರು ಬಿದ್ದದ್ದೇ ತಡ ಚೀರಿ, ನನ್ನನ್ನೂ ಒದ್ದೆ ಮಾಡಿತು. ವಿಮಲಾ ಜಾಲಿಸಿ ತಂತಿಗೆ ಹಾಕಿದ್ದಾಳೆ. ಮುಂದೆ ನನ್ನನ್ನು ತೊಡುವ ಮಗು ಇನ್ನೂ ಹುಟ್ಟಿರಲಿಕ್ಕಿಲ್ಲ. ಅದು ಯಾರೆಂದು ನಾನು ಕೇಳುವುದಿಲ್ಲ. ಬಿಸಿಲು ಚೆನ್ನಾಗಿದೆ. ಒಣಗುತ್ತಿದ್ದೇನೆ.